ಸಂಗೀತದ ಪದವಿಯೂ ಗುರುವಿನ ಪೀಠವೂ

ಮುಧೋಳ, ಲೋಕಾಪುರದ ಕಡೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಹಾಡುಗಾರಿಕೆಗೆ ಕಿವಿಗೊಡದವರು ವಿರಳ. ಪ್ರಮಾಣಪತ್ರದ ಹಂಗಿಲ್ಲದೆ, ಹಿಮ್ಮೇಳದಲ್ಲಿ ಹಿರಿಯರ ಮಗ್ಗುಲಿಗೆ ನಿಂತು ಪಳಗಿದ ಕಂಠಗಳವು. ಅಂಥ ಕಂಠವುಳ್ಳ ಮಕ್ಕಳನ್ನು ಪಡೆದ ತಂದೆಯು ಇಂದು ಹಾಡಿಗಾಗಿ ಕಾಲೇಜನ್ನು ಬಿಡಿಸಬೇಕಾದುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತವು ಪದವಿಯ ವಿಷಯವಾಗಿದೆ. ಸಂಗೀತ ಹಾಗೂ ಪ್ರದರ್ಶಕ ಕಲೆಗಳಿಗೆಂದೇ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯವು 2009ರ ಕಾಯಿದೆಯ ಮೇರೆಗೆ ಮೈಸೂರಿನಲ್ಲಿ ಏರ್ಪಟ್ಟಿದೆ. ಹಾಡುವದೂ ಪಾಂಡಿತ್ಯವೇ ಎಂಬದನ್ನು ಸರಕಾರವು ಮನ್ನಿಸಿದ್ದು ಸಂತೋಷದ ಸಂಗತಿಯೇ ಸರಿ.

ಆದರೆ ಕಲಿಸತಕ್ಕವರಾರು? ಗಂಗೂಬಾಯಿಯವರ ಶಾಲಾಶಿಕ್ಷಣವು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತ ಅವರನ್ನು ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಮುಂದೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ನಿಯಮಗಳಲ್ಲಿ, ಹೆಸರಾಂತ ಗುರುಗಳಲ್ಲಿ ಕಲಿತು ಆಕಾಶವಾಣಿಯ 'ಎ' ಶ್ರೇಣಿಯನ್ನು ಪಡೆದ ಕಲಾವಿದರೂ ಸಹಾಯಕ ಪ್ರಾಧ್ಯಾಪಕರಾಗಬಹುದೆಂದಿತು. ಜೊತೆಗೆ ಸ್ನಾತಕ ಪದವಿಯೂ ಬೇಕೆಂದು ವಿಧಿಸಿತು. ಈ ವಿಧಿಯನ್ನು ಅಕ್ಷರಶಃ ಪಾಲಿಸಿದರೆ, ಗಂಗೂಬಾಯಿಯವರ ಹೆಸರನ್ನು ಹೊತ್ತ ವಿದ್ಯಾಲಯದಲ್ಲಿ ಇನ್ನೊಬ್ಬ ಗಂಗೂಬಾಯಿಗೆ ಕಾಯಂ ಹುದ್ದೆಯು ದೊರೆಯಲಾರದು! 2022ರಲ್ಲಿ ಆಯೋಗವು 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ, ಪದವಿಯು ಕಡ್ಡಾಯವಲ್ಲದ ಸ್ಥಾನವನ್ನು ಕಲ್ಪಿಸಿತೆಂಬದು ನಿಜ. ಅದಾದರೋ ಮಂಜೂರಾದ ಹುದ್ದೆಗಳ ಹೊರಗಿನದು. ಅದರ ಅವಧಿಯು ನಾಲ್ಕು ವರ್ಷಗಳನ್ನು ಮೀರುವಂತಿಲ್ಲ. ಒಂದು ರಾಗವು ಕಂಠದಲ್ಲಿ ನೆಲೆಗೊಳ್ಳಲು ವರ್ಷಗಳೇ ಬೇಕಾಗುವಲ್ಲಿ, ಗುರುವೇ ಅತಿಥಿಯಾದರೆ ಶಿಷ್ಯನ ಗತಿಯೇನು?

ಪದವಿಯ ಕಟ್ಟನ್ನು ಸಡಿಲಿಸಿದರೆ ವಶೀಲಿಗೆ ದಾರಿಯಾಗುವದೆಂದು ಅಧಿಕಾರಿಗಳು ಅನ್ನಬಹುದು. ಈ ಶಂಕೆಯು ನಿರಾಧಾರವಲ್ಲ. ಆದರೆ ಸಂಗೀತದಷ್ಟು ಬಹಿರಂಗವಾಗಿ ಪರೀಕ್ಷಿಸಬಹುದಾದ ವಿದ್ಯೆಯು ಇನ್ನಾವದಿದೆ? ಅಭ್ಯರ್ಥಿಯು ತಜ್ಞರೆದುರು, ಸಭಿಕರ ಸಮಕ್ಷಮ ಹಾಡಲಿ. ಬಳಿಕ ಅಲ್ಲಿಯೇ ಒಬ್ಬ ವಿದ್ಯಾರ್ಥಿಗೆ ಪಾಠ ಹೇಳಲಿ. ತಪ್ಪಿದ ಶ್ರುತಿಯನ್ನು ಯಾವ ಶಿಫಾರಸು ಪತ್ರವೂ ಮುಚ್ಚಲಾರದು.

ಪುಸ್ತಕಜ್ಞಾನವನ್ನು ನಾವು ಹಳಿಯುವದಿಲ್ಲ. ಶಾಸ್ತ್ರವನ್ನೂ ಇತಿಹಾಸವನ್ನೂ ಪದವೀಧರರು ಬೋಧಿಸಲಿ. ಗಾಯನ ವಾದನಗಳನ್ನು ಅವುಗಳಲ್ಲಿ ಬಾಳು ಸವೆಸಿದವರು ಬೋಧಿಸಲಿ. ಇಬ್ಬರ ವೇತನವೂ ಮರ್ಯಾದೆಯೂ ಸಮನಾಗಿರಲಿ. ಮಂಜೂರಾದ ಹುದ್ದೆಗಳಲ್ಲಿ ಕೆಲವನ್ನಾದರೂ ಇಂಥ ಗುರುಗಳಿಗೆ ಕಾದಿರಿಸುವಂತೆ ನಮ್ಮ ಸರಕಾರವು ಆಯೋಗವನ್ನು ಒತ್ತಾಯಿಸತಕ್ಕದ್ದು. ಇಲ್ಲವಾದರೆ ಪದವಿಯು ಮನೆಯ ಗೋಡೆಗೇರೀತು. ಹಾಡು ಮಾತ್ರ ಗಂಟಲಿಗೆ ಇಳಿಯದು.