ಕಿವಿಯೊಳಗಿನ ಸುರುಳಿಯ ಅಳತೆ



ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ಕಿವಿಯಲ್ಲಿ ಮಂತ್ರವನ್ನು ಉಪದೇಶಿಸುವ ಸಂಪ್ರದಾಯ ನಮ್ಮದು. ಆದ್ದರಿಂದ ಮಗುವಿಗೆ ಕಿವಿ ಕೇಳಿಸದೆಂದು ತಿಳಿದಾಗ ನಮ್ಮ ಮನೆಗಳಲ್ಲಿ ದುಃಖವು ಇಮ್ಮಡಿಯಾಗುತ್ತದೆ. ಕೆಲವರು ಅದನ್ನು ಪೂರ್ವಜನ್ಮದ ಫಲವೆಂದು ಕೈಕಟ್ಟಿ ಕೂಡುತ್ತಾರೆ. ಮತ್ತೆ ಕೆಲವರು ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾದೊಡನೆ ಎಲ್ಲವೂ ಮುಗಿಯಿತೆಂದು ಭಾವಿಸುತ್ತಾರೆ. ಎರಡೂ ತಪ್ಪು ತಿಳಿವಳಿಕೆಗಳೇ. "ಆಪರೇಷನ್ ಆದ ಮೇಲೆ ಮತ್ತೇಕೆ ಸ್ಕ್ಯಾನ್?" ಎಂಬ ಪ್ರಶ್ನೆಗೆ ಇಲ್ಲಿ ಉತ್ತರಿಸಬಯಸುತ್ತೇವೆ.

ಒಳಕಿವಿಯ ಕಾಕ್ಲಿಯವು ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡಿರುತ್ತದೆ. ಅದರ ಬುಡವು ಕೀಚು ಸ್ವರಗಳನ್ನೂ ತುದಿಯು ತಗ್ಗು ಸ್ವರಗಳನ್ನೂ ಗ್ರಹಿಸುತ್ತದೆ. ವೈದ್ಯರು ಈ ಸುರುಳಿಯೊಳಗೆ ಸೇರಿಸುವ ತೆಳುವಾದ ಎಳೆಯಲ್ಲಿ, ಅದರ ತಯಾರಿಕೆಗನುಸಾರವಾಗಿ, 12ರಿಂದ 22 ವಿದ್ಯುದಗ್ರಗಳಿರುತ್ತವೆ. ಅವು ಶ್ರವಣನರವನ್ನು ನೇರವಾಗಿ ಪ್ರಚೋದಿಸುತ್ತವೆ.

ಕಾಕ್ಲಿಯದ ಉದ್ದವು ಎಲ್ಲರಲ್ಲಿಯೂ ಒಂದೇ ಅಲ್ಲ. ಕೆಲವು ಮಿಲಿಮೀಟರುಗಳ ಅಂತರವಿರುತ್ತದೆ. ಆದಕಾರಣ ಒಂದೇ ಅಳತೆಯ ಎಳೆಯು ಒಬ್ಬರಲ್ಲಿ ಆಳಕ್ಕೆ ತಲುಪಿದರೆ ಮತ್ತೊಬ್ಬರಲ್ಲಿ ಅಷ್ಟು ತಲುಪದು. ಎಳೆಯು ಸುರುಳಿಯೊಳಗೇ ಇದೆಯೇ, ತುದಿಯು ಮಡಚಿಕೊಂಡಿದೆಯೇ ಎಂಬುದನ್ನು ಎಕ್ಸ್-ರೇಯಿಂದ ಪರೀಕ್ಷಿಸುವರು. ಹೆಚ್ಚಿನ ವಿವರ ಬೇಕಾದಾಗ ಸಿ.ಟಿ. ಅಥವಾ ಕೋನ್-ಬೀಮ್ ಸಿ.ಟಿ. ಚಿತ್ರ ತೆಗೆಯುವರು. ಎಳೆಯು ತಲುಪಿದ ಆಳವನ್ನು ಕೋನದಲ್ಲಿ ಎಣಿಸುತ್ತಾರೆ. ಒಂದು ಪೂರ್ಣ ಸುತ್ತಿಗೆ 360 ಡಿಗ್ರಿ. ಲೋಹದ ಹೊಳಪಿನಿಂದ ಚಿತ್ರವು ತುಸು ಮಸುಕಾಗುವುದರಿಂದ ಈ ಅಳತೆಗೆ ಪರಿಣತರ ಕಣ್ಣು ಬೇಕು.

ಈ ಅಳತೆಯ ಪ್ರಯೋಜನವೇನು? ಯಾವ ವಿದ್ಯುದಗ್ರವು ಯಾವ ಸ್ವರದ ನೆಲೆಯಲ್ಲಿದೆಯೆಂದು ತಿಳಿದರೆ ಶ್ರವಣತಜ್ಞರು ಯಂತ್ರವನ್ನು ಆ ಕಿವಿಗೆ ತಕ್ಕಂತೆ ಹೊಂದಿಸಲು ಅನುಕೂಲವಾಗುತ್ತದೆ. ಆದರೆ ಚಿತ್ರವೊಂದೇ ಮಾತು ಕಲಿಸದು. ಮಗುವು ಯಂತ್ರವನ್ನು ನಿತ್ಯವೂ ಧರಿಸಬೇಕು. ಹೊಂದಾಣಿಕೆಗೂ ವಾಕ್-ಶ್ರವಣ ತರಬೇತಿಗೂ ತಪ್ಪದೆ ಹೋಗಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿರುವುದು ನಾಡಿನ ಭಾಗ್ಯ.

ಇನ್ನೊಂದು ಎಚ್ಚರಿಕೆ: ಇಂಪ್ಲಾಂಟಿನಲ್ಲಿ ಸಾಮಾನ್ಯವಾಗಿ ಅಯಸ್ಕಾಂತವಿರುತ್ತದೆ. ಮುಂದೆಂದಾದರೂ ಎಂ.ಆರ್.ಐ. ಪರೀಕ್ಷೆ ಬೇಕಾದರೆ ಮೊದಲೇ ವೈದ್ಯರಿಗೆ ತಿಳಿಸಿರಿ. ಇಂಪ್ಲಾಂಟಿನ ಕಾಗದಪತ್ರಗಳನ್ನೂ ಸ್ಕ್ಯಾನ್ ಚಿತ್ರಗಳನ್ನೂ ಜೋಪಾನವಾಗಿಡಿರಿ.

ಶರಣರು ಕಾಯಕವನ್ನು ಪೂಜೆಯೆಂದು ತಿಳಿದವರು. ಮಗುವಿನೊಡನೆ ದಿನವೂ ಕುಳಿತು ಒಂದೊಂದೇ ಮಾತನ್ನು ಕಲಿಸುವುದೂ ತಾಯ್ತಂದೆಗಳ ಕಾಯಕವೇ. ಶಸ್ತ್ರಚಿಕಿತ್ಸೆಯ ದಿನ ಆ ಕಾಯಕವು ಮುಗಿಯುವುದಿಲ್ಲ, ಆರಂಭವಾಗುತ್ತದೆ.