ಅಳತೆ ಹೊಂದದ ಕೋವಿಗೆ ಕೈ ಹಾಕುವವರು ಯಾರು?

ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಶುರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅದು ಉಳಿಯಲಿ ಎನ್ನುವವರೇ ನಾವು. ಅದಕ್ಕೇ ಈ ಮಾತು.

ಬಂದವರೆಲ್ಲರ ಕೈಯಲ್ಲೂ ಅವರವರ ಮೈಕಟ್ಟಿಗೆ ತಕ್ಕ ಕೋವಿ ಇರುವುದಿಲ್ಲ. ಅಜ್ಜನ ಜೋಡುನಳಿಗೆಯ 12 ಬೋರ್ ಮೊಮ್ಮಗಳ ಕೈಗೆ ಬರುತ್ತದೆ. ಭುಜಕ್ಕೆ ಒತ್ತುವ ಮರದ ಭಾಗ ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಟುಕಲೆಂದು ಆಕೆ ಮೈ ತಿರುಗಿಸುತ್ತಾಳೆ. ಮೈ ತಿರುಗಿದರೆ ನಳಿಗೆಯೂ ತಿರುಗುತ್ತದೆ, ಜನ ನಿಂತ ಕಡೆಗೆ. ಆಗ ಪಕ್ಕದಲ್ಲಿದ್ದ ಮಾವನೋ ಸ್ವಯಂಸೇವಕನೋ "ಕೊಡಿಲ್ಲಿ, ಹೀಗೆ ಹಿಡಿಬೇಕು" ಎಂದು ಕೋವಿಗೇ ಕೈ ಹಾಕುತ್ತಾರೆ. ನಮ್ಮ ತಕರಾರು ಈ ಕೈಯ ಬಗ್ಗೆ. ತುಂಬಿದ ಕೋವಿಯ ಮೇಲೆ ನಾಲ್ಕು ಕೈ ಬಿದ್ದ ಮೇಲೆ ಟ್ರಿಗರ್ ಮೇಲಿರುವ ಬೆರಳು ಯಾರದೆಂದು ಹೇಳುವುದು ಕಷ್ಟ.

ಮಾಡಬೇಕಾದದ್ದು ಸರಳ. ಮೊದಲು ಬಾಯಿಮಾತು: "ನಿಲ್ಲು, ಬೆರಳು ಹೊರಗೆ ತೆಗಿ, ನಳಿಗೆ ಗುರಿಯ ಕಡೆಗೇ ಇರಲಿ." ಹಿಡಿದವಳೇ ಕೋವಿ ಮಡಚಿ ಕಾಡತೂಸು ತೆಗೆಯಬೇಕು. ಎರಡೂ ನಳಿಗೆ ಖಾಲಿಯೆಂದು ಮೇಲ್ವಿಚಾರಕರು ಕಣ್ಣಾರೆ ನೋಡಬೇಕು. ಆಮೇಲೆ ಬೇಕಾದರೆ ತಿದ್ದಲಿ. ಪಿಸ್ತೂಲಿನ ಪ್ರಾಕ್ಟಿಕಲ್ ಶೂಟಿಂಗಿನಲ್ಲಿ ಸಡಿಲ ಹೋಲ್‌ಸ್ಟರಿನಿಂದ ಪಿಸ್ತೂಲು ಜಾರಿ ಬಿದ್ದರೆ ಸ್ಪರ್ಧಿ ಅದನ್ನು ತಾನೇ ಎತ್ತುವಂತಿಲ್ಲ; ಎತ್ತಿದರೆ ಸ್ಪರ್ಧೆಯಿಂದಲೇ ಹೊರಗೆ. ಜಾರುವ ವಸ್ತುವನ್ನು ಗಬಕ್ಕನೆ ಹಿಡಿಯುವ ಕೈ ಟ್ರಿಗರ್‌ಗೂ ತಗಲಬಹುದು. ಅಂಥ ನಿಯಮ ನಮ್ಮ ಗದ್ದೆ ಬಯಲಿಗೂ ಬೇಕು.

ಕಾಡತೂಸಿನದು ಇನ್ನೂ ದೊಡ್ಡ ಗಂಡಾಂತರ. 12 ಬೋರ್ ಕೋವಿಗೆ ಅಪ್ಪಿತಪ್ಪಿ 20 ಬೋರಿನದನ್ನು ಹಾಕಿದರೆ ಅದು ಒಳಗೆ ಜಾರಿ ನಳಿಗೆಯಲ್ಲಿ ಕೂತುಬಿಡುತ್ತದೆ. ಖಾಲಿಯೆಂದು ಹಿಂದೆ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಜೇಬಿನಲ್ಲಿ ಎರಡನ್ನೂ ಬೆರೆಸಿಕೊಂಡು ಬಂದವರನ್ನು ಸಾಲಿನಲ್ಲೇ ತಡೆಯಬೇಕು.

ಹಿರಿಯರ ಕೋವಿ ಬೇಡವೆಂದರೆ ಮನೆತನಕ್ಕೇ ಅವಮಾನ ಎಂಬಂತೆ ನೋಡುವವರಿದ್ದಾರೆ. ಅವರಿಗೆ ಎದುರಾಡಲು ಸ್ವಯಂಸೇವಕ ಹುಡುಗರಿಗೆ ಸಂಕೋಚ. ಹಾಗಾಗಿ ಸಂಘಟಕರೇ ಸಣ್ಣ ಅಳತೆಯದೊಂದು ಕೋವಿಯನ್ನು ಮೈದಾನದಲ್ಲಿ ಇಟ್ಟಿರಲಿ, "ಹೊಂದದ ಕೋವಿಗೆ ಅವಕಾಶವಿಲ್ಲ" ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಲಿ. ಬಹುಮಾನದ ಮೊತ್ತದ ಕೆಳಗೆ ಅಷ್ಟು ಜಾಗ ಇದ್ದೇ ಇರುತ್ತದೆ.