ಅಜ್ಜನ ಚೆಂಡೆಗೆ ಎಷ್ಟು ವ್ಯಾಟ್?



ಶ್ರೀಕಾರ್ಯಂನ ನಮ್ಮ ಬಳಗದ ಹುಡುಗನೊಬ್ಬ ಮೊನ್ನೆ ಮನೆಗೆ ಬಂದು, "ಅಂಕಲ್, 40 ವ್ಯಾಟಿನ ಆಂಪ್ಲಿಫೈಯರ್ ಕೊಳ್ಳಬೇಕು, ಯಾವುದು ಒಳ್ಳೆಯದು?" ಎಂದ. ಈಗಿರುವ 20 ವ್ಯಾಟಿನದಕ್ಕೆ ಏನಾಯಿತೆಂದು ಕೇಳಿದೆ. ಕಾಸರಗೋಡಿನಿಂದ ಅಜ್ಜ ಬಂದಿದ್ದಾರೆ, ಕಿವಿ ಸ್ವಲ್ಪ ಮಂದ. ಯಕ್ಷಗಾನ ಹಾಕಿ ಸದ್ದು ಏರಿಸಿದರೆ ಭಾಗವತರ ಹಾಡು ಚೆನ್ನಾಗಿಯೇ ಬರುತ್ತದೆ. ಚೆಂಡೆಯ ಪೆಟ್ಟು ಬಿದ್ದೊಡನೆ ಸ್ಪೀಕರ್ ಕರಕರ ಎನ್ನುತ್ತದೆ. "ಇದು ಚೆಂಡೆಯಲ್ಲ ಮಾಣಿ, ತಗಡಿನ ಡಬ್ಬ" ಎಂದು ಅಜ್ಜ ಎದ್ದೇ ಹೋದರಂತೆ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ. ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್.

ಇನ್ನು ಸ್ಪೀಕರಿನ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬ ಲೆಕ್ಕವಿದು. ಹುಡುಗನ ಸ್ಪೀಕರ್ 86ರದ್ದು. ಅಜ್ಜ ಕೂರುವುದು ಮೂರು ಮೀಟರ್ ದೂರ. ಎರಡು ಸ್ಪೀಕರಿಗೂ ಒಂದೊಂದು ವ್ಯಾಟ್ ಕೊಟ್ಟರೆ ಅಲ್ಲಿಗೆ ತಲುಪುವುದು ಸುಮಾರು 80 ಎಂದಿಟ್ಟುಕೊಳ್ಳಿ. ಅಜ್ಜನಿಗೆ 85 ಬೇಕು. ಹಾಡಿಗೆ ಮೂರು ವ್ಯಾಟ್ ಸಾಕು. ಆದರೆ ಚೆಂಡೆಯ ಪೆಟ್ಟು ಅದಕ್ಕಿಂತ 15 ಡೆಸಿಬೆಲ್ ಮೇಲೆ ಜಿಗಿದರೆ? ಆ ಒಂದು ಕ್ಷಣಕ್ಕೆ 100 ವ್ಯಾಟ್ ಬೇಕು! 20 ವ್ಯಾಟಿನ ಆಂಪ್ಲಿಫೈಯರ್ ಅಲೆಯ ನೆತ್ತಿಯನ್ನೇ ಕತ್ತರಿಸಿಬಿಡುತ್ತದೆ. ಅದೇ ಆ ಕರಕರ. ಹೀಗೆ ಕತ್ತರಿಸಿದ ಅಲೆಯಲ್ಲಿ ಹೆಚ್ಚು ಕಂಪನಾಂಕದ ಸದ್ದುಗಳು ಹುಟ್ಟಿಕೊಳ್ಳುವುದರಿಂದ ಟ್ವೀಟರ್ ಸುಟ್ಟುಹೋಗುವುದೂ ಉಂಟು. ಸಣ್ಣ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಅಪಾಯವಿಲ್ಲ ಎಂಬ ನಂಬಿಕೆ ತಪ್ಪು.

ಹಾಗಾದರೆ 40 ವ್ಯಾಟ್ ತಂದರೂ ಸಾಲದು. ಅದರ ಬದಲು 92 ಡೆಸಿಬೆಲ್ಲಿನ ಸ್ಪೀಕರ್ ತಂದರೆ 6 ಡೆಸಿಬೆಲ್ ಲಾಭ. ನೂರು ವ್ಯಾಟಿನ ಕೆಲಸ 25ರಲ್ಲಿ ಮುಗಿಯುತ್ತದೆ. ಸದ್ದನ್ನು ಒಂದೇ ಡೆಸಿಬೆಲ್ ತಗ್ಗಿಸಿದರೆ ಹಳೆಯ 20 ವ್ಯಾಟೇ ಸಾಕು.

ಕೊಳ್ಳುವಾಗ ಎರಡು ಎಚ್ಚರ. ಪಿ.ಎಂ.ಪಿ.ಒ. ಎಂದು ಸಾವಿರಗಟ್ಟಲೆ ವ್ಯಾಟ್ ಬರೆದ ಡಬ್ಬಿಗಳು 90ರ ದಶಕದಲ್ಲಿ ನಮ್ಮ ಅಂಗಡಿಗಳಲ್ಲಿ ಸಾಲಾಗಿ ಕೂತಿದ್ದವು. ಆ ಅಂಕಿಯನ್ನು ನಂಬಬೇಡಿ, ಆರ್.ಎಂ.ಎಸ್. ಎಷ್ಟೆಂದು ಕೇಳಿ. ಇನ್ನೊಂದು, 4 ಓಮ್ ಸ್ಪೀಕರಿನ ಸೆನ್ಸಿಟಿವಿಟಿಯನ್ನು 2.83 ವೋಲ್ಟಿಗೆ ಅಳೆದಿದ್ದರೆ ಅದು ಒಂದಲ್ಲ, ಎರಡು ವ್ಯಾಟಿನ ಸದ್ದು. 3 ಡೆಸಿಬೆಲ್ ಕಳೆದು ಓದಿಕೊಳ್ಳಿ. ನಿಮ್ಮ ಆಂಪ್ಲಿಫೈಯರ್ 4 ಓಮ್ ತಾಳುತ್ತದೆಯೇ ಎಂಬುದನ್ನೂ ನೋಡಿ.

ಕಿವಿಯ ಮಾತನ್ನೂ ಮರೆಯಬೇಡಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಹೊತ್ತು ಅರ್ಧವಾಗುತ್ತದೆ.

ಕೊನೆಗೆ ಹುಡುಗ ಏನು ಕೊಂಡ ಅಂತೀರಾ? ಏನೂ ಇಲ್ಲ. ಅಜ್ಜನ ಕುರ್ಚಿಯನ್ನು ಮೂರು ಮೀಟರಿನಿಂದ ಒಂದೂವರೆಗೆ ಎಳೆದ, ಸದ್ದು ಒಂದಿಷ್ಟು ತಗ್ಗಿಸಿದ. ಹತ್ತಿರವಾದಷ್ಟೂ ಡೆಸಿಬೆಲ್ ಪುಕ್ಕಟೆ! ಆ ರಾತ್ರಿ ಅಜ್ಜ ಪ್ರಸಂಗ ಮುಗಿಯುವವರೆಗೂ ಏಳಲಿಲ್ಲವಂತೆ. ಪಕ್ಕದಲ್ಲಿ ಕೂತ ಮೊಮ್ಮಗನೂ ಏಳಲಿಲ್ಲ.